ಏಡನ್ನಿನಿಂದ ಬಂದ ಮುಖ

ಒಮಾನಿನ ಸಲಾಲಾಕ್ಕೆ ಬಂದ ಹೊಸತರಲ್ಲಿ ನೆರೆಮನೆಯ ಅರಬ ಅಜ್ಜ ಗೋಡೆಯ ಮೇಲಿದ್ದ ತಮ್ಮ ಹೆಂಡತಿಯನ್ನು ಇಳಿಸಿ ನನ್ನ ಕೈಗೆ ಕೊಟ್ಟುಬಿಟ್ಟರು. ತೀರಿಹೋದ ಹೆಂಡತಿಯ ಚಿತ್ರ, ತಾವೇ ಬರೆದದ್ದು.

ತಪ್ಪು ನನ್ನ ಬಾಯಿಯದು. ಉಡುಪಿ ಕಡೆಯ ನಾವು ಯಾರ ಮನೆಗೆ ಹೋದರೂ ಏನನ್ನಾದರೂ ಹೊಗಳದೆ ಎದ್ದು ಬರುವವರಲ್ಲ. ತೆಂಗಿನ ತೋಟ, ಜಿಟಿಜಿಟಿ ಮಳೆ ನೋಡಿ ಇದೂ ನಮ್ಮೂರಿನಂತೆಯೇ ಎಂದುಕೊಂಡಿದ್ದೆ. ಖಹ್ವಾ, ಅಂದರೆ ಏಲಕ್ಕಿ ಹಾಕಿದ ಕಹಿ ಕಾಫಿ, ಕುಡಿಯುತ್ತ "ಎಷ್ಟು ಚೆಂದ ಈ ಚಿತ್ರ!" ಎಂದೆ. ಹಳೆಯ ಕಾಲದ ಅರಬರಲ್ಲಿ ಅತಿಥಿ ಮೆಚ್ಚಿದ್ದನ್ನು ಕೊಡದಿದ್ದರೆ ಅವಮಾನ. ಬೇಡವೆಂದರೆ ಇನ್ನೂ ದೊಡ್ಡ ಅವಮಾನವಂತೆ.

ಪೋರ್ಟಿನ ಆಫೀಸಿನಿಂದ ಬಂದ ಗಂಡ ಬಿಳಿಚಿಕೊಂಡರು. "ಎಂತ ಮಾಡಿದ್ದು ಮಾರಾಯ್ತಿ! ಮುದುಕರನ್ನು ಮರುಳು ಮಾಡಿ ತಂದ್ರು ಅಂತ ಅವರ ಮಗ ಕಫೀಲ್ ಹತ್ರ ಹೇಳಿದ್ರೆ ಖಲಾಸ್!"

ಕಫೀಲ್ ಎಂದರೆ ನಮಗೆ ವೀಸಾ ಕೊಟ್ಟ ಧಣಿ. ಚಿತ್ರಕ್ಕೆ ಹಳೆ ಸೀರೆ ಸುತ್ತಿ ಕಪಾಟಿನ ಹಿಂದೆ ಇಟ್ಟೆ. ಬಾಗಿಲ ಗಂಟೆ ಬಾರಿಸಿದರೆ ಸಾಕು, ಮೊದಲು ಕಪಾಟಿನತ್ತ ನೋಡುತ್ತಿದ್ದೆ.

ಕೊನೆಗೆ ತಡೆಯಲಾರದೆ ಹಿಂದಿರುಗಿಸಲು ಹೋದೆ. ಅಜ್ಜನ ಹೆಸರು ಸಾಲಿಮ್. ದಕ್ಷಿಣ ಯೆಮನ್ನಿನ ಏಡನ್ನಿನಲ್ಲಿ ಚಿತ್ರಕಲೆಯ ಮೇಷ್ಟ್ರಾಗಿದ್ದವರು. ಸಿನಿಮಾ ನೋಡಿ ಕಲಿತ ಹಿಂದಿಯಲ್ಲಿ ಹೇಳಿದರು:

"ಉತ್ತರ, ದಕ್ಷಿಣ ಯೆಮನ್ ಒಂದಾದಾಗ ಬೀದಿಯಲ್ಲಿ ಕುಣಿದವರು ನಾವು, ಮಗಳೇ. ಉತ್ತರದ ಸನಾದಿಂದ ಕಲಾವಿದರು ಬಣ್ಣ ಹೊತ್ತು ಬಂದರು. ಒಂದೇ ಗೋಡೆಯ ಮೇಲೆ ಅವರೂ ನಾವೂ ಬರೆದೆವು. ಆಮೇಲೆ ಯುದ್ಧವಾಯಿತು. ಅದರ ಬೆನ್ನಿಗೇ ಮುಖ ಬರೆಯುವುದು ಪಾಪ ಎನ್ನುವವರು ಬಂದರು. ಹೆಣ್ಣುಮಕ್ಕಳು ತರಗತಿ ಬಿಟ್ಟರು. ಗೆಳೆಯರೆಲ್ಲ ಬಾಗಿಲು, ದೋಣಿ, ಕಾಫಿ ಹೂಜಿ ಬರೆಯತೊಡಗಿದರು. ಹೆದರಿ ನಾನೂ ಅದನ್ನೇ ಬರೆದೆ. ಇಲ್ಲಿಗೆ ಬರುವಾಗ ಉಳಿದಿದ್ದ ಮುಖ ಇದೊಂದೇ."

ಏಕೀಕರಣವೆಂದರೆ ನನಗೆ ನವೆಂಬರಿನ ಬಾವುಟ, ಸಂಘದ ಹಾಡು, ಹೋಳಿಗೆ ಊಟ. ಒಂದಾದ ಮೇಲೂ ಒಂದು ಊರಿನ ಗೋಡೆಗಳು ಹೀಗೆ ಬರಿದಾಗಬಹುದೆಂದು ಹೊಳೆದೇ ಇರಲಿಲ್ಲ.

"ಮತ್ತೆ ನನಗೇಕೆ ಕೊಟ್ಟಿರಿ?"

"ಮುಖ ಬರೆಯುವುದು ಪಾಪವೆಂದು ನನ್ನ ಮಗನೂ ಈಗ ಹೇಳುತ್ತಾನೆ. ನಾನು ಕಣ್ಣು ಮುಚ್ಚಿದರೆ ತಾಯಿಯ ಚಿತ್ರವನ್ನೂ ಸುಟ್ಟಾನು. ಅತಿಥಿ ಮೆಚ್ಚಿ ಒಯ್ದದ್ದಕ್ಕೆ ಮಾತ್ರ ಅವನು ಬಾಯಿ ತೆರೆಯಲಾರ. ನೀನು ಇದನ್ನು ಊರಿಗೆ ಒಯ್ಯಿ. ನಿಮ್ಮಲ್ಲಿ ಚಿತ್ರಕ್ಕೆ ಹೆದರುವವರಿಲ್ಲವಲ್ಲ?"

"ಇಲ್ಲ" ಎಂದೆ.

ಆ ಸಂಜೆ ಖುಷಿಯಿಂದಲೇ ಊರಿನಲ್ಲಿರುವ ತಮ್ಮನಿಗೆ ಫೋನು ಮಾಡಿ, ನಮ್ಮ ಚಾವಡಿಯಲ್ಲಿ ತೂಗುಹಾಕೋಣವೆಂದೆ. ಅವನು, "ಮುಸ್ಲಿಮರ ಪೈಕಿಯ ಹೆಂಗಸಲ್ವಾ? ಇಲ್ಲಿಗೆ ತರ್ಬೇಡ ಅಕ್ಕ. ಯಾರಾದ್ರೂ ನೋಡಿದ್ರೆ ಕಷ್ಟ" ಎಂದ.

ರಜೆ ಹತ್ತಿರ ಬಂದಿದೆ. ಆಕೆಯನ್ನು ಪೆಟ್ಟಿಗೆಗೆ ಹಾಕುತ್ತೇನೆ, ಮತ್ತೆ ಹೊರಗೆ ತೆಗೆಯುತ್ತೇನೆ. ಪಕ್ಕದ ಮನೆಯ ಅಜ್ಜನ ಮಗನಿಗಿಂತ ಈಗ ನನ್ನ ತಮ್ಮನಿಗೇ ಹೆಚ್ಚು ಹೆದರುತ್ತಿದ್ದೇನೆ.