ಸತ್ತ ಲೆಕ್ಕದ ಹುಳುಗಳು

ನನ್ನ ಓರಗಿತ್ತಿಗೆ ಮನೆಯಲ್ಲಿ ಹುಳದಮ್ಮ ಎಂದು ಹೆಸರು. ಇಟ್ಟವರು ನಮ್ಮ ಅತ್ತೆ. ದೊಡ್ಡ ಸೊಸೆ ಮದುವೆಯಾದ ಹೊಸತರಲ್ಲೇ ರಜೆಯ ದಿನವೂ ಬೆಳಿಗ್ಗೆ ಎದ್ದು ಪ್ರಯೋಗಾಲಯಕ್ಕೆ ಓಡುವುದನ್ನು ನೋಡಿ, "ಏನಮ್ಮಾ, ಭಾನುವಾರಾನೂ ಆಫೀಸಾ?" ಎಂದು ಕೇಳಿದ್ದರಂತೆ. "ಹುಳಗಳಿಗೆ ಭಾನುವಾರ ಗೊತ್ತಾಗಲ್ಲ ಅತ್ತೆ, ಹಸಿವಷ್ಟೇ ಗೊತ್ತಾಗತ್ತೆ" ಎಂದಳಂತೆ ಇವಳು. ಅಂದಿನಿಂದ ಅತ್ತೆ ಬಂದವರಿಗೆಲ್ಲ "ನಮ್ಮ ದೊಡ್ಡ ಸೊಸೆ ಹುಳ ಸಾಕ್ತಾಳೆ" ಎಂದು, ಬೇರೆಯವರು ಹಸು ಸಾಕುತ್ತಾರೆ ಎನ್ನುವಷ್ಟೇ ಸಹಜವಾಗಿ ಹೇಳುತ್ತ ಬಂದಿದ್ದಾರೆ. ನಾನು ಅವಳನ್ನು ಅಕ್ಕ ಎನ್ನುತ್ತೇನೆ. ನಾನು ಆಸ್ಪತ್ರೆಯಲ್ಲಿ ನರ್ಸ್. ಮೇಲಿನ ಮಹಡಿ ಅವರದು, ಕೆಳಗಿನದು ನಮ್ಮದು, ಅಡುಗೆಮನೆ ಮಾತ್ರ ಒಂದೇ. ಇಬ್ಬರು ಓರಗಿತ್ತಿಯರು ಒಂದೇ ಒಲೆಯ ಮುಂದೆ ಜಗಳವಿಲ್ಲದೆ ಇದ್ದಾರೆ ಎಂದರೆ ನೆರೆಹೊರೆಯವರು ನಂಬುವುದಿಲ್ಲ. ಜಗಳವಾಡಲು ಅವಳಿಗೆ ಸಿಟ್ಟೇ ಬರುವುದಿಲ್ಲ. ಅವಳ ಪಾಲಿನ ಸಿಟ್ಟನ್ನೂ ನಾನೇ ಮಾಡಿಕೊಳ್ಳುತ್ತೇನೆ. ಈಗ ಬರೆಯುತ್ತಿರುವುದೂ ಆ ಸಿಟ್ಟಿನಿಂದಲೇ.

ಮೊದಲು ಅವಳ ಕೆಲಸ ಏನೆಂದು ಹೇಳಿಬಿಡುತ್ತೇನೆ. ನನಗೆ ಅರ್ಥವಾಗಿದೆ ಎಂದ ಮೇಲೆ ಯಾರಿಗಾದರೂ ಅರ್ಥವಾದೀತು. ಮಣ್ಣಿನಲ್ಲಿ ಒಂದು ಬ್ಯಾಕ್ಟೀರಿಯಾ ಇದೆ, ಅದು ಒಂದು ವಿಷದ ಪ್ರೋಟೀನು ತಯಾರಿಸುತ್ತದೆ. ನಮ್ಮ ಹೊಟ್ಟೆಗೆ ಹೋದರೆ ನಮಗೇನೂ ಆಗದು. ಹತ್ತಿಯ ಕಾಯಿಕೊರಕ ಹುಳು ತಿಂದರೆ ಮಾತ್ರ ಆ ವಿಷ ಅದರ ಕರುಳಿನ ಗೋಡೆಗೆ ಅಂಟಿಕೊಂಡು ತೂತು ಕೊರೆಯುತ್ತದೆ. ಹುಳು ತಿನ್ನುವುದನ್ನು ಬಿಟ್ಟು ಸಾಯುತ್ತದೆ. ಆ ವಿಷದ ಜೀನನ್ನು ಹತ್ತಿ ಗಿಡದೊಳಗೇ ಸೇರಿಸಿ ಬೀಜ ಮಾಡಿದರು. ಗಿಡ ತನ್ನ ಕಾವಲು ತಾನೇ ಕಾಯುತ್ತದೆ, ಇನ್ನು ಔಷಧಿ ಹೊಡೆಯುವ ಗೋಳಿಲ್ಲ ಎಂದರು. ಕೆಲವು ವರ್ಷ ಹಾಗೇ ಆಯಿತು ಕೂಡ. ಆದರೆ ಎಲ್ಲೋ ಲಕ್ಷಕ್ಕೊಂದು ಹುಳುವಿನ ಕರುಳಿನಲ್ಲಿ ವಿಷ ಅಂಟುವ ಜಾಗವೇ ಹುಟ್ಟಿನಿಂದ ಕೆಟ್ಟಿರುತ್ತದೆ. ಬಂದ ವಿಷಕ್ಕೆ ಕೂರಲು ಜಾಗ ಸಿಗುವುದಿಲ್ಲ, ಹಾಗೇ ಹೊರಗೆ ಹೋಗುತ್ತದೆ. ಉಳಿದವೆಲ್ಲ ಸತ್ತು ಇಂಥವೇ ಬದುಕಿದರೆ, ಇಂಥವೇ ಮೊಟ್ಟೆಯಿಟ್ಟರೆ, ಒಂದು ದಿನ ಹೊಲದ ತುಂಬ ಇವೇ. ಆ ದಿನ ಎಷ್ಟು ಹತ್ತಿರ ಬಂದಿದೆ ಎಂದು ನೋಡುವುದು ಅಕ್ಕನ ಕೆಲಸ.

ನೋಡುವ ಕ್ರಮ ಹೀಗೆ. ಹೊಲಗಳಿಂದ ತಂದ ಹುಳುಗಳ ಮರಿಗಳನ್ನು ವಿಷ ಬೆರೆಸಿದ ಆಹಾರ ತುಂಬಿದ ತಟ್ಟೆಯ ಸಣ್ಣ ಗುಳಿಗಳಲ್ಲಿ ಒಂದೊಂದಾಗಿ ಬಿಟ್ಟು, ವಾರ ಕಳೆದ ಮೇಲೆ ಮುಚ್ಚಳ ತೆಗೆದು, ಚಿತ್ರ ಬರೆಯುವ ಸಣ್ಣ ಕುಂಚದಿಂದ ಮುಟ್ಟುತ್ತಾರೆ. ಅಲುಗದಿದ್ದರೆ ಸತ್ತಿದೆ. ಅಲುಗಿದರೆ ಬದುಕಿದೆ ಎಂದು ನೀವು ಹೇಳುತ್ತೀರಿ, ನಾನೂ ಹಾಗೇ ಅಂದುಕೊಂಡಿದ್ದೆ. ಅಲ್ಲವಂತೆ. ಅಲುಗಿದರೂ ಹುಟ್ಟಿದಾಗ ಇದ್ದಷ್ಟೇ ಗಾತ್ರವಿದ್ದರೆ ಅದನ್ನೂ ಸತ್ತ ಲೆಕ್ಕಕ್ಕೇ ಹಾಕಬೇಕಂತೆ. ಹೊಲದಲ್ಲಾದರೆ ಅದು ಹೇಗೂ ಬದುಕುವುದಿಲ್ಲ ಎಂದು ಹಿಂದೆ ಯಾರೋ ಮಾಡಿದ ನಿಯಮ. ಮಾಡಿದವರ ಮನಸ್ಸಿನಲ್ಲಿ ಕಪಟ ಇರಲಿಲ್ಲ, ಆಗ ಅದು ನಿಜವೂ ಆಗಿತ್ತು ಎನ್ನುತ್ತಾಳೆ ಅಕ್ಕ.

"ಉಸಿರಾಡ್ತಿರೋದನ್ನ ಸತ್ತಿದೆ ಅಂತ ಬರೀತೀರಾ?" ಎಂದು ನಾನು ಸೌಟು ಹಿಡಿದುಕೊಂಡೇ ಕೇಳಿದೆ. "ನಮ್ಮ ವಾರ್ಡಲ್ಲಿ ಹಾಗೆ ಬರೆದ್ರೆ ನನ್ನ ಜೈಲಿಗೆ ಹಾಕ್ತಾರೆ."

"ನಿಮ್ಮ ವಾರ್ಡಲ್ಲಿ ಸಂಬಂಧಿಕರು ಹೊರಗೇ ಕೂತಿರ್ತಾರೆ," ಎಂದಳು ಅಕ್ಕ. "ಹುಳಕ್ಕೆ ಯಾರಿದ್ದಾರೆ?"

"ನೀನಿದ್ದೀಯಲ್ಲ," ಎಂದರು ಅತ್ತೆ.

ಆ ವರ್ಷ ಇಂಥ ಅರೆಜೀವದ ಹುಳುಗಳು ಎಂದಿಗಿಂತ ಹೆಚ್ಚು ಬಂದಿದ್ದವು. ಲೆಕ್ಕ ಮುಗಿದ ಮೇಲೆ ಅವನ್ನು ಬಿಸಿ ಹಬೆಯ ಯಂತ್ರಕ್ಕೆ ಹಾಕಿ ಕೊಂದುಬಿಡುವುದು ವಾಡಿಕೆ. ಅಕ್ಕ ಹಾಕಲಿಲ್ಲ. ಬೇರೆ ಪೆಟ್ಟಿಗೆಗಳಲ್ಲಿಟ್ಟು ಅದೇ ವಿಷದ ಆಹಾರವನ್ನೇ ಹಾಕುತ್ತ ಹೋದಳು. ಅವು ನಿಧಾನವಾಗಿ, ಗೊಣಗುತ್ತ ಏಳುವ ಸೋಮಾರಿ ಮಕ್ಕಳ ಹಾಗೆ ಬೆಳೆದವು. ಕೋಶ ಕಟ್ಟಿಕೊಂಡವು, ಪತಂಗಗಳಾದವು, ಮೊಟ್ಟೆಯಿಟ್ಟವು. ಆ ಮೊಟ್ಟೆಗಳಿಂದ ಬಂದ ಮರಿಗಳೂ, ಅವುಗಳ ಮರಿಗಳೂ ಅಜ್ಜಿಮನೆಗೆ ಬಂದವರಂತೆ ವಿಷವನ್ನು ಚಪ್ಪರಿಸಿ ತಿಂದವು. ಅವುಗಳ ಜೀನು ಓದಿಸಿದಾಗ, ಕರುಳಿನಲ್ಲಿ ವಿಷವನ್ನು ಹಿಡಿಯಬೇಕಾದ ಪ್ರೋಟೀನು ಅರ್ಧಕ್ಕೇ ತುಂಡಾಗಿರುವುದು ಕಂಡಿತು.

"ಅತ್ತೆ, ಸತ್ತವು ಮೊಮ್ಮಕ್ಕಳ ಮುಖ ನೋಡಿದ್ವು," ಎಂದು ಅಕ್ಕ ಅಂದು ಸಂಜೆ ಚಪ್ಪಲಿ ಬಿಡುವ ಮೊದಲೇ ಹೇಳಿದಳು. ಎಲ್ಲರೂ ನಕ್ಕೆವು. ಅವಳು ನಗಲಿಲ್ಲ.

ನಗದಿರಲು ಕಾರಣವಿತ್ತು. ಅವಳ ವಿಭಾಗದ ವರದಿಯನ್ನು ನೋಡಿಯೇ ಆ ಬೀಜವನ್ನು ಮುಂದಿನ ಬಿತ್ತನೆಗೆ ನಂಬಬಹುದೇ ಇಲ್ಲವೇ ಎಂದು ಬೆಳೆಗಾರರಿಗೆ ಹೇಳುತ್ತಿದ್ದರು. ಹುಳು ಬಗ್ಗುತ್ತಿಲ್ಲ ಎಂದು ಮೊದಲೇ ತಿಳಿದರೆ ಬೇರೆ ಬೆಳೆ ಹಾಕಬಹುದು, ಬೇಗ ಕೊಯ್ಲಿಗೆ ಬರುವ ತಳಿ ಹಾಕಬಹುದು, ಹೂವಿನ ಕಾಲದಿಂದಲೇ ಕಣ್ಣಿಟ್ಟಿರಬಹುದು. ತಿಳಿಯದಿದ್ದರೆ ಕಾಯಿ ಬಲಿತ ಮೇಲೆ ಒಳಗೆ ಹುಳು ಕಾಣುತ್ತದೆ, ಗಾಬರಿಯಲ್ಲಿ ಸಿಕ್ಕಿದ ಔಷಧಿಯನ್ನೆಲ್ಲ ಹೊಡೆಯುತ್ತಾರೆ. ಕಾಯಿಯೊಳಗೆ ಕೂತ ಹುಳುವಿಗೆ ಅದು ತಾಗುವುದಿಲ್ಲ, ಹೊಡೆಯುವವನಿಗೆ ತಾಗುತ್ತದೆ. ಬಿತ್ತನೆಗೆ ಮೊದಲು ನಿಜ ಹೊರಗೆ ಬರಬೇಕು, ಅಕ್ಕನಿಗೆ ಬೇಕಾಗಿದ್ದದ್ದು ಅಷ್ಟೇ.

ಅವಳ ಮುಖ್ಯಸ್ಥರಿಗೆ ಅದು ಬೇಕಾಗಿರಲಿಲ್ಲ. ಆ ಬೀಜ ಸೋಲುವುದೇ ಇಲ್ಲ ಎಂದು ಅವರು ಎಷ್ಟೋ ವೇದಿಕೆಗಳ ಮೇಲೆ ಹೇಳಿದ್ದರು. ಬೀಜದ ಚೀಲಗಳು ಆಗಲೇ ಅಂಗಡಿ ಸೇರಿದ್ದವು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎಂಬ ಜಾತಿಯ ಮನುಷ್ಯ.

"ಮೇಡಂ, ನಿಯಮದ ಪ್ರಕಾರ ಅವು ಸತ್ತಿವೆ," ಎಂದರಂತೆ.

"ಸರ್, ಮೊಟ್ಟೆ ಇಟ್ಟಿವೆ."

"ಅದು ಆಮೇಲಿನ ವಿಷಯ. ಎಣಿಸಿದ ದಿನ ಅವು ಸತ್ತಿದ್ವು. ನೀವು ಸಹಿ ಮಾಡಿ."

ಇದನ್ನು ಅಕ್ಕ ನಗೆಚಾಟಿಕೆಯಂತೆ ಹೇಳಿದಳು. ನನಗೆ ಮೈಯೆಲ್ಲ ಉರಿಯಿತು. ಎಣಿಸಿದ ದಿನ ಸತ್ತು ಮಾರನೇ ದಿನ ಎದ್ದು ಕೂರಲು ಅವೇನು ಪರೀಕ್ಷೆಯ ದಿನ ಜ್ವರ ಬರುವ ಶಾಲೆಯ ಹುಡುಗರೇ? ಇಷ್ಟಾದರೂ "ಅವರು ಕೆಟ್ಟವರಲ್ಲ ಕಣೇ, ಹೆದರಿದ್ದಾರೆ" ಎನ್ನುತ್ತಾಳೆ ಇವಳು. ಹೆದರಿದವರು ಮನೆಯಲ್ಲಿ ಕೂರಲಿ, ಕುರ್ಚಿ ಯಾಕೆ ಬೇಕು?

ಸಹಿ ಮಾಡದೆ ಅವಳು ವರ್ಷದ ಪರಿಶೀಲನಾ ಸಭೆಯವರೆಗೆ ಕಾದಳು. ಹೊರಗಿನಿಂದ ದೊಡ್ಡ ದೊಡ್ಡ ವಿಜ್ಞಾನಿಗಳು ಬಂದಿದ್ದರು. ಉದ್ದ ಮೇಜು, ನೀರಿನ ಬಾಟಲಿಗಳು, ಪರದೆಯ ಮೇಲೆ ಅಂಕಿಗಳು. ಅಕ್ಕ ತನ್ನ ಸರದಿ ಬಂದಾಗ ಬಲೆ ಕಟ್ಟಿ ಮೇಲೆ ಮುಚ್ಚಳ ಹಾಕಿದ ಗಾಜಿನ ಜಾಡಿಯೊಂದನ್ನು ತಂದು ಮೇಜಿನ ನಡುವೆ ಇಟ್ಟಳು. ಒಳಗೆ ಬೂದು ಬಣ್ಣದ ಪತಂಗಗಳು ಗಾಜಿಗೆ ಬಡಿದುಕೊಳ್ಳುತ್ತಿದ್ದವು.

"ಪಟ್ಟಿಯಲ್ಲಿ ಸತ್ತಿವೆ ಅಂತ ತೋರಿಸಿರೋ ಹುಳಗಳು ಇವೇ," ಎಂದಳು.

ಮುಖ್ಯಸ್ಥರು ನಕ್ಕು, ಮೇಡಂ ಸ್ವಲ್ಪ ಭಾವುಕರು, ಒಪ್ಪಿತ ವಿಧಾನದ ಪ್ರಕಾರ ಇವು ಸತ್ತ ಲೆಕ್ಕವೇ ಎಂದು ಎಲ್ಲರಿಗೂ ಸಮಾಧಾನ ಹೇಳಿದರು. ಅಕ್ಕ ಜಾಡಿಯನ್ನು ಅವರ ಕಡೆಗೆ ಸರಿಸಿದಳು. ಕಿಟಕಿಯಾಚೆ ಆ ಸಂಸ್ಥೆಯವರು ನೀರು ಹಾಯಿಸಿ ಬೇಸಿಗೆಯಲ್ಲೂ ಬೆಳೆಸುವ ಹತ್ತಿಯ ತಾಕು, ಹೂ ಬಿಟ್ಟು ನಿಂತಿತ್ತು.

"ಹಾಗಾದ್ರೆ ಸರ್, ಸತ್ತಿರೋವಕ್ಕೆ ಮುಚ್ಚಳ ಯಾಕೆ? ಕಿಟಕಿ ಹತ್ರ ತಗೊಂಡ್ಹೋಗಿ ನೀವೇ ತೆಗೆದುಬಿಡಿ."

ಅವರ ಕೈ ಜಾಡಿಯವರೆಗೆ ಬಂತಂತೆ. "ಬೇಡ, ಬೇಡ, ತೆಗೀಬೇಡಿ!" ಎಂದು ಪರಿಶೀಲಕರಲ್ಲೊಬ್ಬರು ಕುರ್ಚಿಯಿಂದ ಅರ್ಧ ಎದ್ದೇಬಿಟ್ಟರು. ಮುಖ್ಯಸ್ಥರು ಕೈ ಹಿಂದಕ್ಕೆಳೆದುಕೊಂಡು ಕನ್ನಡಕ ಒರೆಸಿಕೊಂಡರು. ಆಮೇಲೆ ಯಾರೋ ಟೀ ತರಲು ಹೇಳಿದರು, ಜಾಡಿಯನ್ನು ಮೂಲೆಗಿಟ್ಟರು. ವರದಿಯ ಕೊನೆಗೆ 'ಹೆಚ್ಚಿನ ಅಧ್ಯಯನ ಅಗತ್ಯ' ಎಂದು ಒಂದು ಸಾಲು ಸೇರಿಸಿ ಒಪ್ಪಿಗೆ ಕೊಟ್ಟರು. ಅಷ್ಟು ಜನ ಓದಿದವರಲ್ಲಿ ಮುಚ್ಚಳ ತೆಗೆಯುವ ಧೈರ್ಯ ಒಬ್ಬರಿಗೂ ಇರಲಿಲ್ಲ, ಸತ್ತಿವೆ ಎಂದು ಅಚ್ಚು ಹಾಕಿಸುವ ಧೈರ್ಯ ಮಾತ್ರ ಎಲ್ಲರಿಗೂ ಇತ್ತು. ಇಂಥವರಿಗೆ ಏನು ಹೇಳಬೇಕು ಎಂದು ನಾನು ತುಂಬ ಯೋಚಿಸಿದ್ದೇನೆ. ಹೊಳೆದ ಮಾತುಗಳು ಬರೆಯುವಂಥವಲ್ಲ.

ವರದಿ ಅಕ್ಕನ ಹೆಸರಿಲ್ಲದೆ ಹೊರಬಂತು. ಅವಳನ್ನು ಮಣ್ಣು ಪರೀಕ್ಷೆಯ ವಿಭಾಗಕ್ಕೆ ಹಾಕಿದರು. ಹುಳುಗಳನ್ನು ನೋಡಿಕೊಳ್ಳಲು ಬೇರೆ ಯಾರನ್ನೂ ಕೊಡಲಿಲ್ಲ. ಸತ್ತವಕ್ಕೆ ಆಹಾರದ ಖರ್ಚು ಹೇಗೆ ತೋರಿಸುವುದು ಎಂದು ಕೇಳಿದರಂತೆ! ಅವನ್ನು ಹೊರಗೆ ಬಿಡುವಂತಿಲ್ಲ, ಮನೆಗೆ ತರುವಂತಿಲ್ಲ. ಕೊನೆಗೆ ಅಷ್ಟು ತಲೆಮಾರು ಸಾಕಿದವನ್ನು ಅವಳೇ ತನ್ನ ಕೈಯಾರೆ ಹಬೆಯ ಯಂತ್ರದೊಳಗಿಟ್ಟು ಗುಂಡಿ ಒತ್ತಿ ಬಂದಳು. ಆ ಸಂಜೆ ಅಡುಗೆಮನೆಯಲ್ಲಿ ನೆಲದ ಮೇಲೆ ಕೂತು ಅತ್ತಳು. ಭಾವ ಟೀ ಮಾಡಲು ಹೋಗಿ ಸಕ್ಕರೆ ಹಾಕುವುದನ್ನೇ ಮರೆತರು. ಎಲ್ಲರೂ ಹಾಗೇ ಕುಡಿದೆವು. ಅವಳು ತಾನಾಗಿ ಬರೆದ ಸಂಶೋಧನಾ ಲೇಖನ ಯಾವುದೋ ಪತ್ರಿಕೆಯ ಪರಿಶೀಲಕರ ಕೈಯಿಂದ ಕೈಗೆ ಓಡಾಡುತ್ತಿತ್ತು. ಬಿತ್ತನೆ ಅದಕ್ಕಾಗಿ ಕಾಯಲಿಲ್ಲ.

ಕಾಯಿ ಬಲಿಯುವ ಕಾಲಕ್ಕೆ ನಮ್ಮ ವಾರ್ಡಿಗೆ ಔಷಧಿ ಹೊಡೆಯುವ ಕೂಲಿಯವರು ಬರತೊಡಗಿದರು. ಬೆವರು, ಜೊಲ್ಲು, ಸಾಸಿವೆಯಷ್ಟಾದ ಕಣ್ಣಿನ ಪಾಪೆ. ಒಬ್ಬನನ್ನು ನಾವು ಬಹಳ ಕಷ್ಟದಿಂದ ಉಳಿಸಿಕೊಂಡೆವು. ಮಾತು ಬಂದ ದಿನ ಅವನು ಮೊದಲು ಹೇಳಿದ್ದು, "ಸಿಸ್ಟರ್, ನಾನು ನೀರು ಬೆರೆಸ್ಲಿಲ್ಲ."

ನಿಧಾನವಾಗಿ ತಿಳಿಯಿತು. ಹುಳು ಸಾಯುತ್ತಿರಲಿಲ್ಲ. ಈ ಬೀಜದ ಗಿಡ ತಿಂದರೇ ಹುಳು ಸಾಯಬೇಕು, ಮೇಲೆ ಔಷಧಿ ಬೇರೆ ಹೊಡೆದಿದೆ, ಆದರೂ ಬದುಕಿವೆ ಎಂದರೆ ನೀನೇ ನೀರು ಬೆರೆಸಿ ಔಷಧಿ ಕದ್ದಿದ್ದೀಯ ಎಂದು ಹೊಲದ ಯಜಮಾನರು ಎಲ್ಲರೆದುರು ಅಂದಿದ್ದರು. ಅವನು ರೋಷಕ್ಕೆ ಬಿದ್ದು ಮುಂದಿನ ಸಲ ಎರಡರಷ್ಟು ಗಟ್ಟಿಯಾಗಿ ಕಲಸಿ, ಪಂಪು ಹೊತ್ತು ಇಡೀ ಹೊಲ ಸುತ್ತಿದ್ದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಎಂಬ ಗಾದೆಯನ್ನು ನಾನು ಚಿಕ್ಕಂದಿನಿಂದ ಕೇಳಿದ್ದೆ. ಬರೆ ಬಿದ್ದ ಮೈಯನ್ನು ಅಂದೇ ನೋಡಿದ್ದು.

ಮನೆಯಲ್ಲಿ ಊಟಕ್ಕೆ ಕೂತಾಗ ಹೇಳಿದೆ. ಅಕ್ಕ ತಟ್ಟೆ ಬಿಟ್ಟು ಎದ್ದಳು. ಮಾರನೇ ದಿನ ನೋಡಲು ಬರುವವರನ್ನು ಬಿಡುವ ಹೊತ್ತಿಗೆ ವಾರ್ಡಿನ ಬಾಗಿಲಲ್ಲಿ ನಿಂತಿದ್ದಳು.

"ಇವರು ನಮ್ಮಕ್ಕ. ಹುಳದ ವಿಷಯ ಓದಿರೋರು," ಎಂದು ಅವನಿಗೂ ಅವನ ಹೆಂಡತಿಗೂ ಹೇಳಿದೆ.

ಅವನು ಏಳಲು ಹೋದ, ಅಕ್ಕ ಬೇಡವೆಂದು ಸ್ಟೂಲು ಎಳೆದು ಕೂತಳು. "ಮೇಡಂ, ನಾನೇ ಎಲ್ಲೋ ತಪ್ಪಿದ್ದೀನಿ ಅನ್ಸತ್ತೆ. ಆ ಗಿಡ ತಿಂದ್ರೆ ಸಾಯ್ತಾವೆ ಅಂತ ಸರ್ಕಾರದೋರೇ ಬರೆದಿದ್ದಾರಂತೆ."

"ನೀನೇನೂ ತಪ್ಪಿಲ್ಲಪ್ಪ. ಅವು ಸಾಯಲ್ಲ. ಅದು ನಮಗೆ ಗೊತ್ತಿತ್ತು. ಗೊತ್ತಿದ್ದೂ ಸತ್ತಿವೆ ಅಂತ ಬರೆದ್ವಿ."

ಬರೆದ್ವಿ! ಬರೆಯುವುದಿಲ್ಲ ಎಂದು ಹುಳು, ಹೆಸರು, ಕೋಣೆ ಎಲ್ಲ ಕಳೆದುಕೊಂಡವಳು ಹೇಳುವ ಮಾತೇ ಇದು? "ನೀನೆಲ್ಲಿ ಬರೆದೆ ಅಕ್ಕ, ಸರಿಯಾಗಿ ಹೇಳು" ಎಂದೆ. ಅವಳು ಕೇಳಿಸಿಕೊಳ್ಳಲಿಲ್ಲ, ಅವನನ್ನೇ ನೋಡುತ್ತಿದ್ದಳು. ಅವನು ಹೆಂಡತಿಯ ಕಡೆ ತಿರುಗಿ, "ಕೇಳಿಸ್ಕೊಂಡ್ಯಾ? ನಾನು ಕದೀಲಿಲ್ಲ" ಎಂದ. ಹೆಂಡತಿ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಅವಳೂ ಅವನನ್ನು ನಂಬಿರಲಿಲ್ಲ.

"ಮೇಡಂ, ಯಜಮಾನ್ರು ಹೊರಗಡೆನೇ ಕೂತಿದ್ದಾರೆ. ಈ ಮಾತು ಅವರಿಗೂ ಹೇಳ್ತೀರಾ?"

ಅಕ್ಕ ಎದ್ದು ಹೊರಟಳು. ನಾನು ಹಿಂದೆಯೇ ಹೋದೆ. ಮೊಗಸಾಲೆಯ ಬೆಂಚಿನ ಮೇಲೆ ಯಜಮಾನರೊಬ್ಬರೇ ಇರಲಿಲ್ಲ, ಪಕ್ಕದ ಹೊಲಗಳ ನಾಲ್ಕಾರು ಜನವೂ ಇದ್ದರು. ಅಕ್ಕ ತಾನು ಯಾರು, ತನ್ನ ಕೆಲಸವೇನಾಗಿತ್ತು ಎಂದು ಹೇಳಿ, ಒಳಗಿರುವವನು ಔಷಧಿಗೆ ನೀರು ಬೆರೆಸಿಲ್ಲ, ಹುಳುವೇ ಆ ಬೀಜಕ್ಕೆ ಬಗ್ಗುವುದಿಲ್ಲ ಎಂದಳು.

ಯಜಮಾನರು ಬೆಂಚಿನಿಂದ ಎದ್ದರು. "ನಿಮಗೆ ಯಾವಾಗ ಗೊತ್ತಾಯ್ತು?"

"ಬಿತ್ತೋಕೆ ಮುಂಚೆ," ಎಂದಳು ಅಕ್ಕ.

ಉಳಿದವರೂ ಎದ್ದರು. ಒಬ್ಬರಾದ ಮೇಲೊಬ್ಬರು ಬಯ್ಯತೊಡಗಿದರು. ನಾನು ಅಡ್ಡ ಹೋಗಿ, ಸಹಿ ಹಾಕದೆ ನಿಂತವಳು ಇವಳೊಬ್ಬಳೇ ಎಂದು ಹೇಳಲು ಬಾಯಿ ತೆರೆದರೆ ಅಕ್ಕ ನನ್ನ ಕೈ ಹಿಡಿದು ಹಿಂದಕ್ಕೆಳೆದಳು. ಅಷ್ಟೂ ವರ್ಷಗಳಲ್ಲಿ ಆ ಸಂಸ್ಥೆಯವರ ಪೈಕಿ ಅವರಿಗೆ ಎದುರಿಗೆ ಸಿಕ್ಕವಳು ಅವಳೊಬ್ಬಳೇ, ಅವಳನ್ನೇ ಬಯ್ದರು.