ಕಾಲು ನಿಲ್ಲದ ಜೂರಾಕಾನ್

ನರೀನ್ ಪಟ್ಟಣದ ಬಸ್ ನಿಲ್ದಾಣಕ್ಕೆ ಇನ್ನೂ ಸರಿಯಾಗಿ ಬೆಳಕು ಇಳಿದಿಲ್ಲ. ಕಾಜರ್ಮನ್ ಕಡೆಗೆ ಹೊರಡುವ ವ್ಯಾನಿನ ಬಳಿ ಜೂರಾಕಾನ್ ನಿಂತಿದ್ದಾರೆ. ನಿಂತಿದ್ದಾರೆ ಎನ್ನುವುದು ಪೂರ್ತಿ ಸರಿಯಲ್ಲ. ನಾಲ್ಕು ಹೆಜ್ಜೆ ಆಚೆ, ನಾಲ್ಕು ಹೆಜ್ಜೆ ಈಚೆ, ನಡುನಡುವೆ ಪಡುವಣ ಬೆಟ್ಟಗಳ ನೆತ್ತಿಯತ್ತ ಒಂದು ನೋಟ. ಬೆನ್ನಿಗೆ ಚೀಲ, ಕೊರಳಿಗೆ ಕ್ಯಾಮೆರಾ. ಬ್ಯಾಟರಿಗಳು ಮಾತ್ರ ಉಣ್ಣೆಯಂಗಿಯ ಒಳಗೆ, ಕಂಕುಳಿಗೆ ತಾಗಿಕೊಂಡಿವೆ. ಚಳಿಗೆ ಸೋಲುವ ಬ್ಯಾಟರಿ ಮೈಬಿಸಿಗೆ ಉಳಿಯುತ್ತದೆ.

"ಅಕ್ಕ, ಒಂದು ಕಡೆ ಕೂತ್ಕೋ. ನಿನ್ನ ನೋಡಿ ನೋಡಿ ನನ್ನ ಕಾಲು ನೋಯ್ತಿದೆ," ಎನ್ನುತ್ತಾನೆ ಚಾಲಕ ಸಾದಿರ್.

"ನಾನು ಕೂತ್ರೆ ನೀನು ಇನ್ನೆರಡು ಟೀ ಕುಡೀತೀಯ."

"ಕುಡಿದ್ರೇನು? ದಾರಿ ಎಲ್ಲಿಗೂ ಓಡಿಹೋಗಲ್ಲ."

"ಓಡಿಹೋಗಲ್ಲ. ಮುಚ್ಚಿಹೋಗುತ್ತೆ."

ಅದು ನಿಜ. ಕಾಜರ್ಮನ್ ಆಚೆಯ ಘಾಟಿಯಲ್ಲಿ ಹಿಮ ಬಿದ್ದರೆ ವಸಂತದವರೆಗೆ ಆ ದಾರಿಯಿಲ್ಲ. ಪ್ರತಿ ಶರತ್ಕಾಲ ಜೂರಾಕಾನ್ ಒಬ್ಬರೇ ಈ ಘಾಟಿ ದಾಟಿ ಅರ್ಸ್ಲಾನ್‌ಬೋಬ್‌ನ ಅಕ್ರೋಟು ಕಾಡಿಗೆ ಇಳಿಯುತ್ತಾರೆ. ಆ ಹೊತ್ತಿಗೆ ಅಲ್ಲಿನ ಕುಟುಂಬಗಳು ಮನೆಗೆ ಬೀಗ ಹಾಕಿ, ಕಾಯಿ ಆರಿಸಲು ಹಸು-ಕೋಳಿ ಸಮೇತ ಕಾಡಿನಲ್ಲೇ ಬಿಡಾರ ಹೂಡಿರುತ್ತವೆ. ಅಕ್ರೋಟಿನ ಹಸಿ ಸಿಪ್ಪೆ ಬಿಡಿಸಿದ ಕೈ ವಾರಗಟ್ಟಲೆ ಕಪ್ಪಾಗಿರುತ್ತದೆ. ಜೂರಾಕಾನರ ಕಾಡಿನ ಚಿತ್ರಗಳಲ್ಲಿ ಮದುವಣಗಿತ್ತಿಯ ಕೈಯೂ ಕಪ್ಪೇ.

ಈ ವರ್ಷ ತೆಗೆದ ಫೋಟೋವನ್ನು ಬರುವ ವರ್ಷ ಅದೇ ದಾರಿಯಲ್ಲಿ ಹೋಗಿ ಕೈಗೇ ಕೊಡುವುದು ಅವರ ಪದ್ಧತಿ. ಚಳಿಗಾಲವೆಲ್ಲ ನರೀನ್‌ನಲ್ಲಿ ಮುದ್ರಿಸುವ ಕೆಲಸ. ಯಾವ ಮನೆಯಲ್ಲೂ ರೊಟ್ಟಿಯ ಒಂದು ಚೂರು ಬಾಯಿಗಿಟ್ಟುಕೊಳ್ಳುವ ಮೊದಲು ಕ್ಯಾಮೆರಾ ತೆರೆಯುವುದಿಲ್ಲ. ಎಲ್ಲರ ಜೇಬಿನಲ್ಲೂ ಫೋನ್ ಇದೆಯಲ್ಲ ಎಂದರೆ ನಗುತ್ತಾರೆ. "ಫೋನ್ ಹಳ್ಳಕ್ಕೆ ಬಿದ್ರೆ ಅದರೊಳಗಿರೋ ಅಜ್ಜನೂ ಹಳ್ಳಕ್ಕೆ ಬಿದ್ದ ಹಾಗೆ. ಆಮೇಲೆ ಎಲ್ಲಾ ನನ್ನ ಹತ್ರಾನೇ ಬರ್ತಾರೆ."

ಸೋವಿಯತ್ ಕಾಲದಲ್ಲಿ ಅವರು ನರೀನ್‌ನ ಸರ್ಕಾರಿ ಸ್ಟುಡಿಯೋದಲ್ಲಿ, ಫೋಟೋ ತೊಳೆಯುವ ಕತ್ತಲೆ ಕೋಣೆಯ ಕೆಲಸದಲ್ಲಿದ್ದರು. ದೇಶ ಒಡೆದಾಗ ಸ್ಟುಡಿಯೋ ಮುಚ್ಚಿತು, ಆ ಜಾಗಕ್ಕೆ ಚಪ್ಪಲಿ ಅಂಗಡಿ ಬಂತು. ಜನ ಬರುವುದು ನಿಂತ ಮೇಲೆ ಜನರಿದ್ದಲ್ಲಿಗೆ ಇವರೇ ಹೊರಟರು. ಟ್ರಕ್ಕಿನಲ್ಲಿ ಕಲ್ಲಿದ್ದಲ ಮೇಲೆ ಕೂತು ಹೋದದ್ದಿದೆ, ಘಾಟಿಯಲ್ಲಿ ಗಾಡಿ ಕೆಟ್ಟು ಕುರಿಗಳ ನಡುವೆ ಮಲಗಿದ್ದೂ ಇದೆ. ಊರಿಗೆ ಮರಳಿದರೆ ವಾರದೊಳಗೆ ಕಿಟಕಿಯ ಹತ್ತಿರ ಓಡಾಟ ಶುರು. ಅವರ ತಂಗಿ ಸಲ್ಕಿನ್ ಹೇಳುವುದು ಹೀಗೆ: "ಎಲ್ಲರ ತುಶೂ ಚಾಕುವಿನಲ್ಲಿ ಕೊಯ್ತಾರೆ. ಇವಳದ್ದು ಕೊಡಲಿಯಲ್ಲಿ ಕಡಿದಿರಬೇಕು."

ತುಶೂ ಎಂದರೆ ಮಗುವಿನ ಕಾಲಿಗೆ ಕಟ್ಟುವ ದಾರ. ಮಗು ನಡೆಯಲು ಶುರು ಮಾಡಿದಾಗ ಕರಿ-ಬಿಳಿ ಉಣ್ಣೆಯನ್ನು ಹೊಸೆದು ಎರಡೂ ಕಾಲಿಗೆ ಸೇರಿಸಿ ಕಟ್ಟುತ್ತಾರೆ. ಊರ ಮಕ್ಕಳು ದೂರದಿಂದ ಓಡಿಬರುತ್ತಾರೆ, ಗೆದ್ದವರು ಅದನ್ನು ಕೊಯ್ಯುತ್ತಾರೆ. ಕೊಯ್ದವರ ಕಾಲಿನ ಗುಣ ಮಗುವಿಗೆ ಬರುತ್ತದೆ ಎಂಬ ಮಾತಿದೆ. ದಾರ ಕೊಯ್ಯುವ ಮೊದಲು ಮಗು ಹೆಜ್ಜೆ ಕಿತ್ತಿಡಬಾರದು, ಇಟ್ಟರೆ ನಡಿಗೆಗೆ ಕೆಡುಕು.

ಜೂರಾಕಾನರ ತಳಮಳಕ್ಕೆ ಈ ಸಲ ಹಿಮವೊಂದೇ ಕಾರಣವಲ್ಲ. ಕಳೆದ ಶರತ್ಕಾಲ ಕಾಜರ್ಮನ್‌ನಲ್ಲಿ ಬಾತ್ಮಾ ಎಂಬ ಹಿರಿಯಳ ಮೊಮ್ಮಗ ಬೆಕ್ತೂರನ ತುಶೂಗೆ ಅವರೇ ಫೋಟೋ ತೆಗೆದರು. ಓಟ ಶುರುವಾಗಿತ್ತು, ಮಗು ನೆಲ ನೋಡುತ್ತಿತ್ತು, ಬಿಸಿಲು ಗೋಡೆಯಿಂದ ಜಾರುತ್ತಿತ್ತು. ಜೂರಾಕಾನ್ ಚಿಟಿಕೆ ಹೊಡೆದು ಕರೆದರು: "ಬೆಕ್ತೂರ್, ಇಲ್ಲಿ ನೋಡು, ಬಾ." ಮಗು ನೋಡಿತು, ನಕ್ಕಿತು, ಕಟ್ಟಿದ ಕಾಲಿನಲ್ಲೇ ಹೊರಟು ಮುಖ ಅಡಿಯಾಗಿ ಬಿತ್ತು. ಓಡಿಬಂದ ಹುಡುಗ ಅಳುವ ಮಗುವಿನ ದಾರವನ್ನು ನೆಲದ ಮೇಲೇ ಕೊಯ್ದ.

ವಸಂತದಲ್ಲಿ ಸಾದಿರ್ ಸುದ್ದಿ ತಂದ. ಮಗು ಇನ್ನೂ ಗೋಡೆ ಬಿಟ್ಟು ನಡೆದಿಲ್ಲ. ಡಾಕ್ಟರು ಕಾಲಲ್ಲಿ ಏನೂ ದೋಷವಿಲ್ಲ, ತಾನಾಗಿ ನಡೆಯುತ್ತಾನೆ ಎಂದಿದ್ದಾರೆ. "ಡಾಕ್ಟರು ಮೂಳೆ ನೋಡಿದ್ರು. ನಾನು ಕರೆದದ್ದನ್ನ ಅವರು ನೋಡಿಲ್ವಲ್ಲ," ಎನ್ನುತ್ತಾರೆ ಜೂರಾಕಾನ್. ಬಾತ್ಮಾ ತನ್ನ ಮನೆಯ ಬಾಗಿಲು ತೆಗೆಯುತ್ತಾಳೋ ಇಲ್ಲವೋ, ಅದೇ ಈಗಿನ ಪ್ರಶ್ನೆ.

ಸಂಜೆ ಕಾಜರ್ಮನ್‌ನಲ್ಲಿ ಬಾತ್ಮಾಳೇ ಬಾಗಿಲು ತೆಗೆಯುತ್ತಾಳೆ. ಮೇಲಿಂದ ಕೆಳಗೆ ನೋಡುತ್ತಾಳೆ.

"ಬಂದೆಯಾ? ಈ ವರ್ಷ ಸುತ್ತುದಾರಿ ಹಿಡೀತೀಯ ಅಂದ್ಕೊಂಡಿದ್ದೆ."

"ಹಿಡಿಯೋಣ ಅಂತಾನೇ ಇದ್ದೆ, ಬಾತ್ಮಕ್ಕ."

"ಒಳಗೆ ಬಾ. ಚಳಿಗೆ ನಿಂತು ಸುಳ್ಳು ಹೇಳಬೇಡ."

ರೊಟ್ಟಿ ಮುರಿದು ಬಾಯಿಗಿಟ್ಟ ಮೇಲೆ ಜೂರಾಕಾನ್ ಆ ಫೋಟೋ ಕೊಡುತ್ತಾರೆ. ಬೀಳುವ ಕ್ಷಣದ ಮೊದಲಿನ ನಗು. ಅವರು ಆ ವರ್ಷ ತೆಗೆದದ್ದರಲ್ಲೇ ಒಳ್ಳೆಯ ಚಿತ್ರ. ಬಾತ್ಮಾ ಅದನ್ನು ದೀಪಕ್ಕೆ ಹಿಡಿದು ನೋಡುತ್ತಾಳೆ.

"ಚೆನ್ನಾಗಿದಾನೆ. ಆದರೆ ಗೋಡೆಗೆ ಹಾಕಲ್ಲ. ಕಟ್ಟಿದ ಕಾಲು ಕಾಣುತ್ತೆ." ಫೋಟೋವನ್ನು ಮಡಿಲಲ್ಲಿಟ್ಟುಕೊಂಡು ಮುಂದುವರಿಸುತ್ತಾಳೆ. "ನಾಳೆ ಮತ್ತೆ ಕಟ್ತೀನಿ. ಓಟ-ಗೀಟ ಬೇಡ. ನೀನು ಕೊಯ್ಯಿ."

ಜೂರಾಕಾನರ ಕೈಲಿದ್ದ ಟೀ ಬಟ್ಟಲು ಅಲ್ಲೇ ನಿಲ್ಲುತ್ತದೆ. "ನಾನಾ? ನನ್ನ ಕಾಲು ಒಂದು ಮನೆಯಲ್ಲಿ ನಿಂತದ್ದಲ್ಲ. ನಾಳೆ ನಿನ್ನ ಮೊಮ್ಮಗ ಊರೂರು ಅಲೆದ್ರೆ ನನ್ನನ್ನೇ ಬೈತೀಯ."

"ಕೂರೋದನ್ನ ನಾವು ಕಲಿಸ್ಕೋತೀವಿ. ನಡೆಯೋದನ್ನ ನೀನು ಕೊಡು."

ಬೆಳಿಗ್ಗೆ ಅಂಗಳದಲ್ಲಿ ಬೆಕ್ತೂರ್ ಗೋಡೆಗೆ ಒಂದು ಕೈ ಆನಿಸಿ ನಿಂತಿದ್ದಾನೆ. ಕಾಲಿನಲ್ಲಿ ಹೊಸ ದಾರ. ಜೂರಾಕಾನ್ ಕ್ಯಾಮೆರಾ ಕಳಚಿ ಜಗುಲಿಯ ಮೇಲಿಡುತ್ತಾರೆ, ಮಂಡಿಯೂರುತ್ತಾರೆ, ಚಾಕುವಿನ ಬೆನ್ನು ಮಗುವಿನ ಕಡೆಗಿರುವಂತೆ ಹಿಡಿದು ಒಂದೇ ಎಳೆತಕ್ಕೆ ಕೊಯ್ಯುತ್ತಾರೆ. ಬಾ ಎಂದು ಯಾರೂ ಕರೆಯುವುದಿಲ್ಲ, ಚಪ್ಪಾಳೆಯಿಲ್ಲ, ಚಿಟಿಕೆಯಿಲ್ಲ. ಮಗು ಬಿದ್ದ ದಾರವನ್ನು ಬಗ್ಗಿ ನೋಡುತ್ತದೆ. ಜಗುಲಿಯ ಮೇಲೆ ಹೊಳೆಯುವ ಕ್ಯಾಮೆರಾವನ್ನು ನೋಡುತ್ತದೆ. ಗೋಡೆಯಿಂದ ಕೈ ತೆಗೆಯುತ್ತದೆ. ಒಂದು ಹೆಜ್ಜೆ. ತಡೆದು ಇನ್ನೊಂದು. ಮೂರನೆಯದನ್ನು ಇಟ್ಟು, ಸಾಕೆನಿಸಿತೋ ಏನೋ, ಧೊಪ್ಪನೆ ಕೂತು ಕ್ಯಾಮೆರಾದತ್ತ ಕೈ ಚಾಚುತ್ತದೆ.

ದಾರ ಕೊಯ್ದದ್ದಕ್ಕೇ ನಡೆದನೆಂದು ಹೇಳಲಾಗದು. ಮಗುವಿಗೆ ನಡೆಯುವ ಹೊತ್ತು ಬಂದಿತ್ತೋ, ಕ್ಯಾಮೆರಾದ ಆಸೆಯೋ. ಬಾತ್ಮಾ ಮಾತ್ರ ಮುಖ ತಿರುಗಿಸಿ ತಲೆವಸ್ತ್ರದ ಅಂಚಿನಿಂದ ಮೂಗು ಒರೆಸಿಕೊಳ್ಳುತ್ತಾಳೆ. ಆ ಮೂರು ಹೆಜ್ಜೆಗಳ ಫೋಟೋ ಯಾರ ಬಳಿಯೂ ಇಲ್ಲ.

ಹೊರಗೆ ಸಾದಿರ್ ಹಾರ್ನ್ ಹೊಡೆಯುತ್ತಿದ್ದಾನೆ. ಘಾಟಿಯ ಮೇಲೆ ಮೋಡ ಕಟ್ಟಿದೆ.

"ಊಟ ಮಾಡ್ಕೊಂಡು ಹೋಗೇ," ಎನ್ನುತ್ತಾಳೆ ಬಾತ್ಮಾ.

ಜೂರಾಕಾನ್ ಆಗಲೇ ಚೀಲ ಹೆಗಲಿಗೇರಿಸಿ, ಬ್ಯಾಟರಿಗಳನ್ನು ಅಂಗಿಯೊಳಗೆ ತುರುಕಿಕೊಳ್ಳುತ್ತಿದ್ದಾರೆ. ಬಾತ್ಮಾ ಕಟ್ಟಿಕೊಟ್ಟ ರೊಟ್ಟಿಯನ್ನು ತೆಗೆದುಕೊಂಡು ಗೇಟಿನ ಹತ್ತಿರ ಒಮ್ಮೆ ತಿರುಗಿ, ಅಂಗಳಕ್ಕೂ ಗೇಟಿಗೂ ನಡುವಿನ ದೂರವನ್ನು ಕಣ್ಣಲ್ಲೇ ಅಳೆಯುತ್ತಾರೆ.

"ಬರೋ ವರ್ಷ ನಾನು ಬಂದಾಗ ಅವನು ಇಲ್ಲಿವರೆಗೂ ಓಡಿಬರಬೇಕು," ಎನ್ನುತ್ತಾರೆ. "ಫೋಟೋ ಮಸುಕಾಗಿ ಬರಬೇಕು, ಅಷ್ಟು ಜೋರಾಗಿ."