ಬಾ ಎಂದು ಕರೆದ ಕೈ

ಸಿಟ್ಟು ನನಗೆ ಅಜ್ಜನಿಂದ ಬಂದದ್ದು. ಹಿನ್ನೀರಿಗೆ ಹೊಲ ಹೋಗುತ್ತದೆಂದು ಅಳತೆಗೆ ಬಂದವರ ಮೇಲೆ ಆತ ಕುಡುಗೋಲು ಎಸೆದಿದ್ದನಂತೆ. ಬಾಗಲಕೋಟೆ ಕಡೆಯ ನಮ್ಮಂಥವರಿಗೆ ‘ಮುಳುಗಡೆ ಮಂದಿ’ ಎಂದೇ ಹೆಸರು. ಆ ಮನೆಯ ಮೊಮ್ಮಗಳು ಜರ್ಮನಿಯ ಗಡಿಗೆ ಅಂಟಿದ ನೈಮೆಗನ್ ಊರಿಗೆ ಬಂದು, ನದಿಗೆ ಇನ್ನೊಬ್ಬರ ಹೊಲ ಬಿಟ್ಟುಕೊಡಿಸುವ ಯೋಜನೆಯಲ್ಲಿ ಮೀನು ಎಣಿಸುತ್ತಾಳೆಂದು ಗೊತ್ತಾಗಿದ್ದರೆ ನನ್ನ ಮೇಲೂ ಏನಾದರೂ ಎಸೆಯುತ್ತಿದ್ದ.

ಇಲ್ಲಿ ನೆರೆ ಊರಿಗೆ ನುಗ್ಗಬಾರದೆಂದು ಏರಿಯನ್ನೇ ಹಿಂದಕ್ಕೆ ಸರಿಸುತ್ತಾರೆ. ನಡುವಿನ ಹೊಲಗಳಲ್ಲಿ ಕಾಲುವೆ ತೋಡಿ ನೀರಿಗೆ ಹರಡಿಕೊಳ್ಳಲು ಜಾಗ ಕೊಡುತ್ತಾರೆ. ಸಮುದ್ರದಿಂದ ಹೊರಟು ಜರ್ಮನಿಯ ತೊರೆಗಳಲ್ಲಿ ಮೊಟ್ಟೆಯಿಡಲು ಹೋಗುವ ಸಾಲ್ಮನ್ ಮೀನುಗಳಿಗೆ ಆ ಕಾಲುವೆಯೇ ತಂಗುದಾಣ. ಇಲ್ಲಿಯ ವಾಲ್ ನದಿಯ ನಡುವೆ ಹಡಗುಗಳು ಎಡೆಬಿಡದೆ ಓಡಾಡುತ್ತವೆ, ಅಲ್ಲಿ ಅವಕ್ಕೆ ನೆಮ್ಮದಿಯಿಲ್ಲ.

ನಮ್ಮ ಕಾಲುವೆ ಸೀಳಿಕೊಂಡು ಹೋದದ್ದು ಅರವತ್ತು ದಾಟಿದ ಒಬ್ಬ ರೈತನ ಹುಲ್ಲುಗಾವಲನ್ನು. ದನಗಳನ್ನೆಲ್ಲ ಮಾರಿದ ಮೇಲೆ ಆತ ಅದೇ ನೆಲದಲ್ಲಿ ಅಗೆಯುವ ಯಂತ್ರ ಓಡಿಸುವ ಕೆಲಸಕ್ಕೆ ಸೇರಿದ್ದ. ಸ್ವಂತ ಹೊಲವನ್ನು ತಾನೇ ಅಗೆಯುವವನ ಮುಖ ಹೇಗಿರುತ್ತದೆಂದು ದಿನವೂ ನೋಡುತ್ತಿದ್ದೆ. ನನ್ನನ್ನು ಕಂಡಾಗಲೆಲ್ಲ ಆತ ಕೇಳುತ್ತಿದ್ದದ್ದು ಒಂದೇ ಮಾತು: “ಬಂತಾ ನಿನ್ನ ಮೀನು?” ಬಂದಿರಲಿಲ್ಲ. ಮೂರು ವರ್ಷ ಬಲೆ ಹಾಕಿದರೂ ಒಂದೇ ಒಂದು ಸಾಲ್ಮನ್ ಸಿಕ್ಕಿರಲಿಲ್ಲ. ಆ ಪ್ರಶ್ನೆ ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಆ ನವೆಂಬರಿನಲ್ಲಿ ನದಿ ಹುಚ್ಚೆದ್ದು ಬಂತು. ಬುಡಸಮೇತ ಕಿತ್ತುಬಂದ ಮರಗಳು ಸೇತುವೆಯ ಕಂಬಕ್ಕೆ ಬಡಿದ ಸದ್ದು ಏರಿಯ ಮೇಲೆ ನಿಂತವರ ಕಾಲಿಗೆ ತಾಗುತ್ತಿತ್ತು. ಹೊಟ್ಟೆ ಉಬ್ಬಿದ ಕುರಿಯೊಂದು ಬೇಲಿಗೆ ಸಿಕ್ಕಿಕೊಂಡು, ನೀರು ಅದನ್ನು ಬೇಲಿಗೇ ಮತ್ತೆ ಮತ್ತೆ ಅಪ್ಪಳಿಸಿ ಕೊನೆಗೆ ಕಾಲನ್ನು ಅಲ್ಲೇ ಬಿಟ್ಟು ಉಳಿದದ್ದನ್ನು ಎಳೆದುಕೊಂಡು ಹೋಯಿತು. ಊರೊಳಗೆ ಮಾತ್ರ ಒಂದು ಹನಿಯೂ ನುಗ್ಗಲಿಲ್ಲ. ಹೊಡೆತವನ್ನೆಲ್ಲ ರೈತನ ಹೊಲ ತಿಂದಿತ್ತು.

ನೀರಿಳಿದಾಗ ಕಾಲುವೆಯ ಬಾಯಿಗೆ ಮರಳು ಅಡ್ಡಬಿದ್ದು ಒಳಗೊಂದು ಹೊಂಡ ಉಳಿಯಿತು. ಅದರಲ್ಲಿತ್ತು ಸಾಲ್ಮನ್. ತೋಳಿನಷ್ಟುದ್ದ, ಹೊಟ್ಟೆತುಂಬ ಮೊಟ್ಟೆ. ಹೊಂಡ ಬತ್ತುತ್ತಿತ್ತು, ಕಡಲಕಾಗೆಗಳು ಆಗಲೇ ಅದರ ಬೆನ್ನು ಕುಕ್ಕಿ ಗಾಯ ಮಾಡಿದ್ದವು. ನಾನು ಹಾಕಿದ ಬಲೆ ತಳದಲ್ಲಿದ್ದ ಹಳೆಯ ಮುಳ್ಳುತಂತಿಗೆ ಸಿಕ್ಕಿ ಹರಿಯಿತು, ಜೊತೆಗೆ ನನ್ನ ಅಂಗೈಯೂ.

ರೈತ ದಡದಲ್ಲಿ ನಿಂತು ಬಗ್ಗಿ ನೋಡಿದ. ಟೋಪಿ ತೆಗೆದ. ಈ ಸಲ ಕೊಂಕು ಮಾತಿಲ್ಲ. “ನನ್ನ ಹೊಲಕ್ಕೆ ಬಂದಿದೆ” ಎಂದಷ್ಟೇ ಹೇಳಿ ಯಂತ್ರ ತರಲು ಓಡಿದ. ಮರಳು ಕಡಿದು ದಾರಿ ಮಾಡಿಕೊಟ್ಟರೆ ಮೀನು ನದಿಗೆ ಸೇರುತ್ತಿತ್ತು. ಆ ಮೀನು ಬದುಕಬೇಕು ಎನ್ನುವುದರ ಹೊರತು ನಮ್ಮಿಬ್ಬರ ತಲೆಯಲ್ಲಿ ಆಗ ಬೇರೇನೂ ಇರಲಿಲ್ಲ.

ಆತ ಮರಳು ಕಡಿದಂತೆ ನದಿ ನೀರು ಒಳಗೆ ಸೋರತೊಡಗಿದ್ದೇ ತಡ, ಮೀನು ಆ ಸೆಳೆತ ಹಿಡಿದು ನೇರ ಯಂತ್ರದ ಬಕೆಟ್ಟಿನ ಕೆಳಗೇ ನುಗ್ಗಿತು. ಕೂತಲ್ಲಿಂದ ರೈತನಿಗೆ ಅದು ಕಾಣುವಂತಿರಲಿಲ್ಲ. ಎಂಜಿನ್ನಿನ ಅಬ್ಬರದಲ್ಲಿ ನನ್ನ ಕೂಗೂ ಕೇಳಿಸಲಿಲ್ಲ. ನಾನು ಕೈ ಚಾಚಿ, ಇಳಿದು ಬಾ, ನೋಡು ಎಂದು ಕರೆದೆ. ನಮ್ಮಲ್ಲಿ ಎಲ್ಲರೂ ಕರೆಯುವ ಹಾಗೆಯೇ, ಅಂಗೈ ಕೆಳಗೆ ಮಾಡಿ, ನಾಲ್ಕು ಬೆರಳು ಮಡಚುತ್ತ. ಆದರೆ ಯಂತ್ರ ಓಡಿಸುವವರ ಸನ್ನೆಯಲ್ಲಿ ಅಂಗೈ ಕೆಳಗೆ ಮಾಡಿ ಆಡಿಸಿದರೆ ‘ಇಳಿಸು’ ಎಂದರ್ಥ. ಬಕೆಟ್ ಇಳಿಯಿತು. ಗಾಬರಿಯಲ್ಲಿ ನಾನು ಇನ್ನೂ ಜೋರಾಗಿ ಕರೆದೆ. ಆತ ಇನ್ನೂ ಬೇಗ ಇಳಿಸಿದ.

ಬಕೆಟ್ಟಿನ ಹಲ್ಲು ಮೀನಿನ ಬೆನ್ನು ಮುರಿದು ಹೊಟ್ಟೆ ಸೀಳಿತು. ಕಿತ್ತಳೆ ಬಣ್ಣದ ಮೊಟ್ಟೆಗಳು ಕೆಸರಿನ ತುಂಬ ಚೆಲ್ಲಿದವು.

ಕೈಗೆ ಸಿಕ್ಕ ಕಲ್ಲನ್ನು ಬೀಸಿದೆ, ಯಂತ್ರದ ಗಾಜು ಬಿರುಕು ಬಿಟ್ಟಿತು. ಇಳಿದು ಬಂದ ಮುದುಕನ ಎದೆಗೆ ಎರಡೂ ಮುಷ್ಟಿಯಿಂದ ಗುದ್ದಿದೆ. ಬಾಯಿಗೆ ಬಂದದ್ದೆಲ್ಲ ಅಚ್ಚ ಬಾಗಲಕೋಟೆಯ ಬೈಗುಳ. ಆತ ತಿರುಗಿ ಹೊಡೆಯಲಿಲ್ಲ. ರಕ್ತ ಸೋರುತ್ತಿದ್ದ ನನ್ನ ಕೈಯನ್ನು ಮಣಿಕಟ್ಟಿನಲ್ಲಿ ಹಿಡಿದು ಅಂಗೈ ಕೆಳಗೆ ಮಾಡಿ, ಎರಡು ಸಲ ಆಡಿಸಿ ತೋರಿಸಿದ.

“ಇಳಿಸು ಅಂತ ನೀನೇ ಹೇಳಿದ್ದು.”

ನಮ್ಮಲ್ಲಿ ಇದಕ್ಕೆ ‘ಬಾ’ ಎಂದರ್ಥ ಎಂದು ಹೇಳಿದೆ. ಆತ ತನ್ನ ಕೈಯನ್ನು ಹಾಗೆ ಹಿಡಿದು, ಬೆರಳು ಮಡಚಿ ನೋಡಿಕೊಂಡ.

ಮೀನು ಇನ್ನೂ ಬಾಯಿ ತೆರೆದು ಮುಚ್ಚುತ್ತಿತ್ತು. ಬೇಲಿ ಗೂಟ ಬಡಿಯುವ ಮರದ ಸುತ್ತಿಗೆಗೆ ನಾನು ಕೈ ಹಾಕಿದಾಗ ಆತ ಅದನ್ನು ಕಸಿದುಕೊಂಡ. “ನನ್ನ ಹೊಲದ ಮೀನು” ಎಂದ. ಮೊದಲ ಏಟು ಜಾರಿತು. ಎರಡನೆಯದಕ್ಕೆ ತಲೆ ಒಡೆಯಿತು. ಸತ್ತ ಮೇಲೂ ಆತ ಇನ್ನೊಂದು ಏಟು ಹಾಕಿ, ಕೆಸರಲ್ಲೇ ಕೂತು ಬಿಕ್ಕಿ ಬಿಕ್ಕಿ ಅತ್ತ. ಆ ಗಂಟಲಿನ ಸದ್ದು ಕೇಳಿ ನನಗೆ ಅಜ್ಜ ನೆನಪಾದ. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಈ ವರ್ಷ ಅವ್ವ ಮೂರು ತಿಂಗಳಿಗೆಂದು ಬಂದಿದ್ದಾಳೆ. ಹೋದ ವಾರ ಏರಿಯ ಮೇಲೆ ನಡೆಯುವಾಗ ಹಿಂದೆ ಉಳಿದಳು. ಕೈ ಮಾಡಿ ಕರೆದೆ, ಇಲ್ಲಿಯವರ ಹಾಗೆ ಅಂಗೈ ಮೇಲೆ ಮಾಡಿ. ನನ್ನ ಕೈಗೆ ಈಗ ಅದೇ ರೂಢಿ.

“ಹಂಗ್ಯಾಕ ಕರಿತೀಯವ್ವಾ, ನಾಯಿ ಕರದಂಗ?” ಎಂದಳು. “ಹಿಂಗ ಕರೀಬೇಕು.”

ಅಲ್ಲೇ ನಿಂತು, ತೋಳು ಚಾಚಿ, ಅಂಗೈ ಕೆಳಗೆ ಮಾಡಿ ಬೆರಳು ಮಡಚಿ ತೋರಿಸಿದಳು. ಅವಳ ಕೈ ಕಾಲುವೆಯ ಕಡೆಗಿತ್ತು. ಅಲ್ಲಿ ಕಾಲುವೆಯ ಬಾಯಲ್ಲಿ ಯಂತ್ರ ಮರಳು ಎತ್ತುತ್ತಿತ್ತು. ನಾನು ಅವಳ ಕೈ ಹಿಡಿಯಲು ಧಾವಿಸಿದೆ.

ಬಕೆಟ್ ಅರ್ಧದಲ್ಲೇ ನಿಂತಿತು. ಎಂಜಿನ್ ಆರಿತು. ರೈತ ಬಾಗಿಲು ತೆಗೆದು ಇಳಿದು, ಟೋಪಿ ಸರಿ ಮಾಡಿಕೊಳ್ಳುತ್ತ ಅವ್ವನ ಕಡೆಗೆ ನಡೆದು ಬಂದ.